ಸ್ಮಾರಕ ಕಟ್ಟುವ ಮುನ್ನ ಒಂದು ವೀರಗಲ್ಲು ಓದಿ

ಬಸ್ ನಿಲ್ದಾಣದ ಎದುರು ಯೋಧರ ಸ್ಮಾರಕ ಕಟ್ಟಬೇಕೆಂದು ನೀವೆಲ್ಲ ಹೊರಟಿದ್ದೀರಿ. ಚಂದಾ ಎತ್ತುತ್ತಿದ್ದೀರಿ, ನಕ್ಷೆಯನ್ನೂ ಮಾಡಿಸಿದ್ದೀರಿ. ಒಳ್ಳೆಯ ಕೆಲಸ ಮಕ್ಕಳೇ, ಕೈಬಿಡಬೇಡಿ. ನೀವು ತೋರಿಸಿದ ನಕ್ಷೆಯಲ್ಲಿ ಬಂದೂಕಿದೆ, ಹೆಲ್ಮೆಟ್ ಇದೆ, ಕಾರಂಜಿ ಇದೆ, ದಾನಿಗಳ ಫಲಕಕ್ಕೆ ಇಡೀ ಒಂದು ಗೋಡೆ ಇದೆ. ಮಡಿದವರ ಹೆಸರಿಗೆ ಮಾತ್ರ ಪೀಠದ ಒಂದು ಮೂಲೆ ಸಿಕ್ಕಿದೆ. ಅದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಹಿರಿಯನಾಗಿ ಹೇಳುತ್ತೇನೆ, ಕೇಳಿಸಿಕೊಳ್ಳಿ.

ಕಾಳಗದಲ್ಲಿ ಸತ್ತವರಿಗೆ ಕಲ್ಲು ನಿಲ್ಲಿಸುವುದು ನಮ್ಮ ನಾಡಿಗೆ ಹೊಸದಲ್ಲ. ಗುಡಿಯ ಹಿಂದೆ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿರುವ ವೀರಗಲ್ಲುಗಳನ್ನು ನೀವು ದಿನವೂ ದಾಟಿ ಹೋಗುತ್ತೀರಿ. ಒಂದು ಸಲ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಕೆಳಗಿನಿಂದ ಮೇಲಕ್ಕೆ ನೋಡಿ. ಕೆಳಗಿನ ಅಂತಸ್ತಿನಲ್ಲಿ ಹೋರಾಟ. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನಾದರೆ ಅಲ್ಲಿ ಹಸುಗಳ ಸಾಲೂ ಇರುತ್ತದೆ. ನಡುವಿನ ಅಂತಸ್ತಿನಲ್ಲಿ ಅಪ್ಸರೆಯರು ಅವನನ್ನು ಎರಡೂ ಕಡೆಯಿಂದ ಹಿಡಿದು ಕರೆದೊಯ್ಯುತ್ತಿದ್ದಾರೆ. ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಜೈನನಾದರೆ ಜಿನನ ಮುಂದೆ. ತುದಿಯಲ್ಲಿ ಸೂರ್ಯ ಚಂದ್ರರು. ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಅಕ್ಷರ. ಓದು ಬಾರದ ದನಗಾಹಿಗೂ ಇಡೀ ಕಥೆ ತಿಳಿಯಬೇಕೆಂದು ಶಿಲ್ಪಿ ಯೋಚಿಸಿದ್ದಾನೆ. ಸಂಜೆಯ ಓರೆ ಬಿಸಿಲು ಬಿದ್ದಾಗ ಹೋಗಿ. ನಡುಹಗಲಲ್ಲಿ ಬರೀ ಕಲ್ಲಾಗಿ ಕಾಣುವ ಪಟ್ಟಿಯಲ್ಲಿ ಅಕ್ಷರದ ಅಂಚುಗಳು ನೆರಳು ಹಿಡಿದು ಒಂದೊಂದಾಗಿ ಏಳುತ್ತವೆ. ಅದನ್ನು ನೋಡಿದ ಮೇಲೆ ಬಂದೂಕು, ಹೆಲ್ಮೆಟ್ಟುಗಳ ನಕ್ಷೆ ನಿಮಗೇ ಸಾಲದೆನಿಸಬಹುದು.

ಈಗ ಹೆಸರಿನ ಮಾತು. ಬೆಂಗಳೂರಿನ ಬೇಗೂರಿನಲ್ಲಿ ನಾಗೇಶ್ವರ ಗುಡಿಯಿದೆ. ಅಲ್ಲಿ ಸುಮಾರು ಕ್ರಿ.ಶ. 890ರ ಒಂದು ಶಾಸನವಿದೆ. ಬೆಂಗಳೂರೆಂಬ ಹೆಸರು ಅಷ್ಟು ಹಿಂದೆಯೇ ಇತ್ತು ಎನ್ನಲು ಎಲ್ಲರೂ ಅದನ್ನು ತೋರಿಸುತ್ತಾರೆ. ಆದರೆ ಅದನ್ನು ಬರೆಸಿದವರಿಗೆ ಬೇಕಿದ್ದದ್ದು ಊರಿನ ಹೆಸರಿನ ಹಿರಿಮೆಯಲ್ಲ. ಬೆಂಗಳೂರು ಕಾಳಗದಲ್ಲಿ ನಾಗತ್ತರನೆಂಬ ಒಡೆಯನ ಮಗ ಬುಟ್ಟಣಸೆಟ್ಟಿ ಸತ್ತ, ಮನೆಯ ಆಳು ಪೆರ್ವೊಣಸೆಟ್ಟಿಯೂ ಸತ್ತ. ಒಡೆಯನ ಮಗನ ಹೆಸರಿರುವ ಕಲ್ಲಿನಲ್ಲೇ ಆಳಿನ ಹೆಸರೂ ಉಳಿದಿದೆ.

ಎಲ್ಲ ಕಡೆ ಹೀಗೆ ಆಗಿಲ್ಲ. ಇರಾಕಿನ ಬಸ್ರಾದಲ್ಲಿ 1929ರಲ್ಲಿ ಬ್ರಿಟಿಷರು ಒಂದು ದೊಡ್ಡ ಸ್ಮಾರಕ ತೆರೆದರು. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿ ಸತ್ತು, ಗೋರಿಯೂ ಸಿಗದವರಿಗಾಗಿ ಕಟ್ಟಿದ್ದು. ಬ್ರಿಟಿಷ್ ಸಿಪಾಯಿಗಳ ಹೆಸರನ್ನು ಒಂದೂ ಬಿಡದಂತೆ ಕೊರೆಸಿದರು. ನಮ್ಮ ದೇಶದ ಸಾಮಾನ್ಯ ಸಿಪಾಯಿಗಳಿಗೆ ಮಾತ್ರ ಪಲ್ಟನ್ನಿನ ಹೆಸರು ಬರೆದು ಕೆಳಗೆ ಇಷ್ಟು ಮಂದಿ ಎಂದು ಅಂಕಿ ಹಾಕಿದರು. ಅಂಥ ಲೋಪಗಳನ್ನು ಕಾಮನ್‌ವೆಲ್ತ್ ಸಮರ ಸಮಾಧಿ ಆಯೋಗವೇ 2021ರ ವರದಿಯಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ನೂರು ವರ್ಷ ತಡವಾಗಿ ಕೇಳಿದ ಕ್ಷಮೆ ಯಾವ ತಾಯಿಯನ್ನು ಮುಟ್ಟೀತು? ನಿಮ್ಮ ಸ್ಮಾರಕದಲ್ಲಿ ‘ಮತ್ತು ಇತರರು’ ಎಂಬ ಮಾತು ಎಲ್ಲೂ ಬರಕೂಡದು. ಅಧಿಕಾರಿಗೂ ಸಿಪಾಯಿಗೂ ಅಕ್ಷರದ ಅಳತೆ ಒಂದೇ ಇರಲಿ. 2019ರಲ್ಲಿ ದೆಹಲಿಯಲ್ಲಿ ತೆರೆದ ರಾಷ್ಟ್ರೀಯ ಸಮರ ಸ್ಮಾರಕದ ತ್ಯಾಗಚಕ್ರದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗ್ರಾನೈಟ್ ಫಲಕ ಇಟ್ಟಿದ್ದಾರೆ. ಆ ಪದ್ಧತಿ ನಮ್ಮ ಊರಿಗೂ ಸಲ್ಲುತ್ತದೆ.

ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ಮುಖ್ಯ. ಅದೇ ಬೇಗೂರಿನ ಇನ್ನೊಂದು ದೊಡ್ಡ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಕಾಲಾಳುಗಳು ಒಬ್ಬರ ಮೇಲೊಬ್ಬರು ಬಿದ್ದಿರುವ ಆ ದೃಶ್ಯವನ್ನು ಕಂಡವರು ಮರೆಯಲಾರರು. ಗಂಗರ ಅರಸ ಎರೆಯಪ್ಪನ ಮಾತಿನಂತೆ ಬೀರಮಹೇಂದ್ರನ ಮೇಲೆ ದಂಡೆತ್ತಿ ಹೋದ ನಾಗತ್ತರ ತುಂಬೆಪಾಡಿಯಲ್ಲಿ ಆನೆಗಳಿಗೆ ಎದುರಾಗಿ ಕಾದಿ ಸತ್ತ. ಶಾಸನ ಅಲ್ಲಿಗೆ ನಿಲ್ಲುವುದಿಲ್ಲ. ಸುದ್ದಿ ಕೇಳಿದ ಎರೆಯಪ್ಪ ಮೆಚ್ಚಿ ಇರುಗ ಎಂಬವನಿಗೆ ನಾಗತ್ತರನ ಪಟ್ಟ ಕಟ್ಟಿ, ಬೇಗೂರಿನ ಹನ್ನೆರಡು ಹಳ್ಳಿಗಳನ್ನು ಕಲ್ನಾಡಾಗಿ ಕೊಟ್ಟ ಎಂದು ಒಂದೊಂದರ ಹೆಸರು ಹಿಡಿದು ಬರೆಯುತ್ತದೆ. ಕಲ್ನಾಡೆಂದರೆ ವೀರನ ಹೆಸರಿನಲ್ಲಿ ಬಿಟ್ಟ ಭೂಮಿ. ಬೇರೆ ಕಡೆ ನೆತ್ತರುಕೊಡಗಿ ಎಂದೂ ಬರುತ್ತದೆ. ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪ ಎಂಬ ಶಾಪ ಎಷ್ಟೋ ಶಾಸನಗಳ ಕೊನೆಗಿದೆ. ಕೊಟ್ಟ ಮಾತಿಗೆ ಊರೇ ಸಾಕ್ಷಿಯಾಗಲಿ ಎಂದು ಅದನ್ನು ಎಲ್ಲರ ಕಣ್ಣೆದುರು ಕಲ್ಲಿಗೆ ಹಾಕಿಸುತ್ತಿದ್ದರು.

ನಮ್ಮ ಕಾಲದಲ್ಲಿ ಸ್ಮಾರಕ ಒಂದು ಕಡೆ, ಮನೆಯವರಿಗೆ ಸಲ್ಲಬೇಕಾದದ್ದು ಇನ್ನೊಂದು ಕಡೆ ಆಗಿಹೋಗಿದೆ. ಶವಪೆಟ್ಟಿಗೆ ಊರಿಗೆ ಬಂದ ದಿನ ಸಾವಿರಾರು ಜನ ಸೇರುತ್ತಾರೆ, ನಿವೇಶನ, ಜಮೀನು, ಕೆಲಸ ಎಂದು ವೇದಿಕೆಯ ಮೇಲೆ ಮಾತು ಕೊಡುತ್ತಾರೆ. ಆಮೇಲೆ ಮಡಿದವನ ಹೆಂಡತಿ ಕಾಗದ ಹಿಡಿದು ಒಬ್ಬಳೇ ಅಲೆಯುವುದನ್ನು ನೋಡಿದವರು ನಿಮ್ಮಲ್ಲೂ ಇದ್ದೀರಿ. ನೀವು ಕಲ್ಲು ನಿಲ್ಲಿಸುವವರಾದರೆ ಆ ಅಲೆದಾಟದಲ್ಲಿ ಅವಳ ಜೊತೆಗೂ ನಿಲ್ಲಬೇಕು. ನಿಮ್ಮ ಸಂಘದಲ್ಲಿ ಇಬ್ಬರು ಅದನ್ನೇ ವಹಿಸಿಕೊಳ್ಳಿ. ಯಾರಿಗೆ ಏನು ಘೋಷಣೆಯಾಗಿತ್ತು, ಏನು ಕೈಸೇರಿತು ಎಂದು ಬರೆದಿಟ್ಟುಕೊಂಡು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೂ ತಾಲ್ಲೂಕು ಕಚೇರಿಗೂ ಅವರೊಡನೆ ಹೋಗಿ. ಕಾರಂಜಿಯ ದುಡ್ಡು ಉಳಿದರೆ ಅದನ್ನು ಈ ಓಡಾಟಕ್ಕೆ ಇಡಿ.

ಕಟ್ಟುವ ಕೆಲಸದಲ್ಲಿ ಒಂದೆರಡು ಎಚ್ಚರ. ಅಂಟಿಸುವ ಲೋಹದ ಅಕ್ಷರ ಬೇಡ, ಕಿತ್ತುಬರುತ್ತದೆ. ಕೊರೆಯದೆ ಬರೀ ಬಣ್ಣದಲ್ಲಿ ಬರೆಸಿದರೆ ಕೆಲವೇ ಮಳೆಗಾಲದಲ್ಲಿ ಮಾಸುತ್ತದೆ. ಗ್ರಾನೈಟಿನಲ್ಲಿ ಆಳವಾಗಿ ಕೊರೆಸಿ. ಬಣ್ಣ ಹೋದರೂ ಬೆರಳಾಡಿಸಿ ಓದುವಂತಿರಬೇಕು. ಹೆಸರು ಮಗುವಿನ ಕಣ್ಣಿನ ಎತ್ತರಕ್ಕಿರಲಿ. ದಾನಿಗಳ ಪಟ್ಟಿ ಸಂಘದ ಕಚೇರಿಯಲ್ಲಿ ತೂಗಲಿ. ಹಾಗೆಯೇ ಊರಿನ ಹಳೆಯ ವೀರಗಲ್ಲಿಗೆ ಆಯಿಲ್ ಪೇಂಟ್ ಬಳಿಯುವುದು, ಸಿಮೆಂಟ್ ಕಟ್ಟೆಯೊಳಗೆ ಹೂಳುವುದು ನಿಲ್ಲಲಿ. ಬೆಂಗಳೂರಿನ ಹೆಬ್ಬಾಳದಲ್ಲಿ ಕಿತ್ತಯ್ಯ ಎಂಬ ವೀರನ ಕಲ್ಲು, ಸುಮಾರು ಕ್ರಿ.ಶ. 750ರದು, 2018ರಲ್ಲಿ ಚರಂಡಿ ಕೆಲಸದ ನಡುವೆ ಸಿಕ್ಕಿತು. ಅಲ್ಲಿನವರೂ ಶಾಸನಪ್ರಿಯರೂ ಸೇರಿ ಅದನ್ನು ಉಳಿಸಿ ಮಂಟಪ ಕಟ್ಟಿದರು.

ಹೆಸರು ಹುಡುಕುವಾಗ ಸ್ವಾತಂತ್ರ್ಯಕ್ಕೆ ಮುಂಚಿನವರನ್ನು ಬಿಡಬೇಡಿ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದ ಕುದುರೆ ಪಡೆಯಲ್ಲಿ ಮೈಸೂರು ಲ್ಯಾನ್ಸರ್ಸ್ ಇತ್ತು; ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ದಳದ ಸ್ಮಾರಕ ಸ್ತಂಭ ಇಂದಿಗೂ ಇದೆ. ನಮ್ಮ ಹೋಬಳಿಯ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಪದಕ, ಪಿಂಚಣಿ ಪುಸ್ತಕ, ತಂತಿ ಸಂದೇಶ ಇರಬಹುದು. ಮನೆಮನೆಗೆ ಹೋಗಿ ಕೇಳಿ, ಫೋಟೊ ತೆಗೆದುಕೊಳ್ಳಿ, ಮೂಲ ಕಾಗದವನ್ನು ಅವರ ಹತ್ತಿರವೇ ಬಿಟ್ಟು ಬನ್ನಿ. ಹಳೆಯ ಇಂಗ್ಲಿಷ್ ಕೈಬರಹ ಓದಲಾಗದಿದ್ದರೆ ನನ್ನ ಬಳಿ ತನ್ನಿ, ನಾನು ಓದಿಕೊಡುತ್ತೇನೆ. ಪಟ್ಟಿ ಪೂರ್ತಿಯಾಗುವವರೆಗೆ ಶಂಕುಸ್ಥಾಪನೆಗೆ ದಿನ ಗೊತ್ತು ಮಾಡಬೇಡಿ.