ಆರೋಗ್ಯ ಪ್ರಶ್ನೋತ್ತರ: ತೊಟ್ಟಿಲ ಕೂಸು, ಜಗಲಿಯ ಕೂಸು

ಈ ಸಾರಿಯ ಪತ್ರಗಳಲ್ಲಿ ಕೊಳ್ಳೇಗಾಲ, ಯಳಂದೂರು, ಹನೂರು ಸೀಮೆಯ ನಾಲ್ಕನ್ನು ಆರಿಸಿಕೊಂಡಿದ್ದೇನೆ. ನಾಲ್ಕೂ ಮನೆಗಳಲ್ಲಿ ತೊಟ್ಟಿಲು ಕಟ್ಟಿದೆ. ನಾಲ್ಕರಲ್ಲಿಯೂ, ಆ ತೊಟ್ಟಿಲಿನಿಂದ ಇಳಿದು ಬಹಳ ದಿನವಾಗದ ಇನ್ನೊಂದು ಮಗು ಜಗಲಿಯ ಮೇಲೆ ಆಡಿಕೊಂಡಿದೆ. ಬರೆದವರು ಕೇಳಿರುವುದು ಬಹುಮಟ್ಟಿಗೆ ಚಿಕ್ಕದರ ವಿಷಯವನ್ನು. ಉತ್ತರಿಸುವಾಗ ನಾನು ಅಡಿಗಡಿಗೆ ದೊಡ್ಡದರ ಕಡೆಗೆ ತಿರುಗಿದರೆ ಓದುಗರು ಮನ್ನಿಸಬೇಕು. ಎರಡು ಮಕ್ಕಳ ಮನೆಯಿಂದ ಚಿಕಿತ್ಸಾಲಯಕ್ಕೆ ಎತ್ತಿಕೊಂಡು ಬರುವುದು ಒಂದನ್ನೇ, ಸೆರಗು ಹಿಡಿದು ಹಿಂದೆ ಬರುವುದು ಇನ್ನೊಂದು. ಈ ಎರಡನೆಯದರ ಹೆಸರನ್ನು ಚೀಟಿಯಲ್ಲಿ ಯಾರೂ ಬರೆಸುವುದಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲೇ ರೇಷ್ಮೆ ಮಗ್ಗವಿದೆ. ಮೊದಲನೆಯದು ಹೆಣ್ಣು, ಮೂರೂವರೆ ವರ್ಷ. ಎರಡನೆಯದು ಗಂಡು, ಈಗ ಎರಡು ತಿಂಗಳು. ಹೆರಿಗೆಯಾದ ಮೇಲೆ ತವರಿನಲ್ಲಿ ಆರು ವಾರ ಇದ್ದು ಬಂದೆ. ಅಷ್ಟು ದಿನವೂ ದೊಡ್ಡವಳು ಇಲ್ಲಿ ಅತ್ತೆಯವರ ಬಳಿಯಲ್ಲಿದ್ದಳು. ನಾನು ಬಂದಾಗಿನಿಂದ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾಳೆ, ಬೇಕೆಂದೇ ತೊದಲುತ್ತಾಳೆ, ನನಗೂ ಮೊಲೆ ಕೊಡು ಎಂದು ಹಟ ಮಾಡುತ್ತಾಳೆ, ಯಾರೂ ಇಲ್ಲದಾಗ ತಮ್ಮನನ್ನು ಚಿವುಟುತ್ತಾಳೆ. ಎರಡು ಏಟು ಬಿದ್ದರೆ ಸರಿಹೋಗುತ್ತಾಳೆ ಎನ್ನುತ್ತಾರೆ ಅತ್ತೆ. ಮೂತ್ರದ ಕಾಯಿಲೆಯೇನಾದರೂ ಇರಬಹುದೇ?
— ಒಬ್ಬ ತಾಯಿ, ಕೊಳ್ಳೇಗಾಲ

ಉತ್ತರ: ಕಾಯಿಲೆಯ ಮಾತನ್ನು ಮೊದಲು ಮುಗಿಸಿಬಿಡೋಣ, ತಾಯಿ. ಮೂತ್ರಕ್ಕೆ ಹೋಗುವಾಗ ಉರಿಯೆಂದು ಅಳುವುದು, ಜ್ವರ ಬರುವುದು, ಹಗಲಿನಲ್ಲಿಯೂ ಹನಿಹನಿಯಾಗಿ ಸೋರುವುದು, ಅಥವಾ ಚೊಂಬುಗಟ್ಟಲೆ ನೀರು ಕುಡಿದು ಅಷ್ಟನ್ನೂ ಹೊರಹಾಕುತ್ತ ಮೈ ಇಳಿಯುವುದು, ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ನಿಮ್ಮೂರಿನ ಉಪವಿಭಾಗ ಆಸ್ಪತ್ರೆಯಲ್ಲಿ ಮೂತ್ರಪರೀಕ್ಷೆ ಮಾಡಿಸಿರಿ. ಇವಾವುವೂ ಇಲ್ಲವಾದರೆ, ಐದು ವರ್ಷ ತುಂಬದ ಮಗು ರಾತ್ರಿ ಹಾಸಿಗೆಯನ್ನು ಒದ್ದೆ ಮಾಡುವುದನ್ನು ವೈದ್ಯಶಾಸ್ತ್ರವು ರೋಗಗಳ ಪಟ್ಟಿಗೆ ಸೇರಿಸುವುದೇ ಇಲ್ಲ. ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗತೊಡಗಿದ್ದು ಯಾವ ದಿನದಿಂದ ಎಂಬುದನ್ನು ನೀವೇ ಬರೆದಿದ್ದೀರಿ. ನಿದಾನವೂ ಆ ವಾಕ್ಯದಲ್ಲೇ ಇದೆ.

ಅವಳು ಕಂಡಂತೆ ಕಥೆ ಹೇಗಿದ್ದೀತು, ಯೋಚಿಸಿ ನೋಡಿರಿ. ಒಂದು ಬೆಳಗ್ಗೆ ಕಣ್ಣುಬಿಟ್ಟರೆ ಪಕ್ಕದಲ್ಲಿ ಅವ್ವನಿಲ್ಲ. ಎಲ್ಲಿ ಎಂದರೆ ‘ಪಾಪು ತರೋಕೆ ಹೋಗವ್ಳೆ’ ಎಂದು, ಸಂತೆಗೆ ಹೋದವರ ವಿಷಯದಲ್ಲಿ ಹೇಳುವಂಥ ಉತ್ತರ. ದಿನಗಳನ್ನು ಎಣಿಸಲು ಬಾರದ ಆ ವಯಸ್ಸಿಗೆ ಒಂದು ಯುಗದಷ್ಟು ದೀರ್ಘವಾದ ಆರು ವಾರಗಳು ಕಳೆದು, ಕಡೆಗೊಮ್ಮೆ ಬಾಗಿಲಲ್ಲಿ ಆರತಿ ಎತ್ತಿಸಿಕೊಂಡು ಒಳಬಂದ ಅವ್ವನ ಬಳಿಗೆ ಓಡಿ ಹೋದರೆ, ಆ ಮಡಿಲು ಖಾಲಿಯಿಲ್ಲ. ಮೊನ್ನೆಯವರೆಗೆ ‘ಕೂಸು’ ಎನಿಸಿಕೊಂಡಿದ್ದವಳು ಒಂದೇ ದಿನದಲ್ಲಿ ‘ಅಷ್ಟು ದೊಡ್ಡವಳು’ ಆಗಿಬಿಡುತ್ತಾಳೆ. ಮೈ ಮಾತ್ರ ಒಂದಂಗುಲವೂ ಬೆಳೆದಿರುವುದಿಲ್ಲ. ಹಾಸಿಗೆ ಒದ್ದೆ ಮಾಡುವವನಿಗೆ, ಮಾತು ಬಾರದವನಿಗೆ, ಮೊಲೆ ಕುಡಿಯುವವನಿಗೆ ಈ ಮನೆಯಲ್ಲಿ ಅವ್ವ ಸಿಗುತ್ತಾಳೆ ಎಂಬುದನ್ನು ಕಣ್ಣಾರೆ ಕಂಡು, ಆ ಮೂರನ್ನೂ ತಾನೂ ಮಾಡಿ ನೋಡುತ್ತಿರುವ ಹುಡುಗಿ ದಡ್ಡಿಯಲ್ಲ, ದುಷ್ಟೆಯೂ ಅಲ್ಲ. ತನಗೆ ತಿಳಿದಷ್ಟು ತರ್ಕದಲ್ಲಿ ಅವಳ ನಡತೆ ನಿರ್ದುಷ್ಟವಾಗಿಯೇ ಇದೆ.

ಇದರ ಮೇಲೆ ನೋಡಲು ಬಂದವರ ವಿನೋದ ಬೇರೆ. ‘ನಿನ್ನ ಜಾಗ ಹೋಯ್ತಲ್ಲೇ’, ‘ಇನ್ಮೇಲೆ ನಿನ್ನ ಯಾರು ಎತ್ಕೋತಾರೆ?’ ಎಂದು ನಗುತ್ತ ಕೇಳುವ ಬಂಧುಗಳು, ಆ ಮಾತು ಎದುರಿಗಿರುವವಳಿಗೆ ವಿನೋದವೇ ಅಲ್ಲವೆಂಬುದನ್ನು ಅರಿಯರು. ನಾನು ಬಲ್ಲ ಮನೆಯೊಂದರಲ್ಲಿ ‘ನಿನ್ನ ತಮ್ಮನ್ನ ನಾವು ತಗೊಂಡು ಹೋಗ್ತೀವಿ’ ಎಂದು ಅಣಕಿಸಿದ ಅತಿಥಿಗೆ ಮೂರು ವರ್ಷದ ಹುಡುಗಿ ಒಳಗಿನಿಂದ ಚೀಲವನ್ನೇ ತಂದುಕೊಟ್ಟಳು. ಎಲ್ಲರೂ ನಕ್ಕರು, ಅವಳು ನಗಲಿಲ್ಲ.

ನಿಮ್ಮಲ್ಲಿ ಮೊದಲನೆಯದು ಹೆಣ್ಣು, ಎರಡನೆಯದು ಗಂಡು ಎಂಬುದನ್ನೂ ನಾನು ಗಮನಿಸದೆ ಬಿಡಲಾರೆ. ‘ಸದ್ಯ, ಗಂಡಾಯ್ತು’ ಎಂಬ ನಿಟ್ಟುಸಿರು ಅವಳ ಕಿವಿಗೆ ಎಷ್ಟು ಸಾರಿ ಬಿದ್ದಿದೆಯೋ! ನಿಮ್ಮ ನೆರೆಯ ಯಳಂದೂರಿನಿಂದ ಮೈಸೂರಿನ ಅರಮನೆಗೆ ಸಂಚಿಯ ಊಳಿಗಕ್ಕೆ ಹೋಗಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಹದಿಬದೆಯ ಧರ್ಮ’ವನ್ನು ರಚಿಸಿದ ಹೊನ್ನಮ್ಮ, ಹೆಣ್ಣೆಂದು ಹೀಗಳೆಯುವವರನ್ನು ಅಂದೇ ತರಾಟೆಗೆ ತೆಗೆದುಕೊಂಡಿದ್ದಾಳೆ. ಮುನ್ನೂರು ವರ್ಷಗಳ ಮೇಲೂ ಆ ಮಾತು ನದಿ ದಾಟಿ ನಿಮ್ಮ ಬೀದಿಗೆ ಬಂದಿಲ್ಲವೆಂದರೆ ಹೊಳೆಯ ತಪ್ಪೇನೂ ಅಲ್ಲ.

ಚಿಕಿತ್ಸೆ ಹೀಗೆ. ಹಾಸಿಗೆ ಒದ್ದೆಯಾದ ಬೆಳಗ್ಗೆ ಮಾತಿಲ್ಲದೆ ಬಟ್ಟೆ ಬದಲಿಸಿರಿ. ಬೈಗುಳವೂ ಬೇಡ, ನೆರೆಮನೆಯವರ ಮುಂದೆ ಪ್ರಸ್ತಾಪವೂ ಬೇಡ. ಮೊಲೆ ಕೇಳಿದರೆ ಗದರದೆ ಬಾಯಿಡಲು ಬಿಡಬಹುದು; ಹೀರುವುದನ್ನೇ ಮರೆತಿರುವ ಮಕ್ಕಳು ಬಹುಪಾಲು ಒಂದೆರಡು ಸಾರಿ ರುಚಿ ನೋಡಿ, ಇಷ್ಟೇ ತಾನೇ ಎಂದು ಎದ್ದು ಹೋಗುತ್ತವೆ. ನಿಮಗೆ ಮನಸ್ಸಿಲ್ಲದಿದ್ದರೆ ಮಡಿಲಲ್ಲಿ ಕೂರಿಸಿಕೊಂಡು ಲೋಟದಲ್ಲಿ ಹಾಲು ಕೊಟ್ಟರೂ ಆದೀತು. ಅವಳು ಕೇಳುತ್ತಿರುವುದು ಬಹುಶಃ ಹಾಲನ್ನಲ್ಲ. ಚಿವುಟುವ ವಿಷಯದಲ್ಲಿ ಮಾತ್ರ ಸಡಿಲ ಕೂಡದು: ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ನೋವಾಗುತ್ತದೆ, ಬೇಡ ಎಂದು ಒಂದೇ ಸಾರಿ ಹೇಳಿರಿ, ಹೊಡೆಯುವುದು ತಪ್ಪೆಂದು ಹೊಡೆದು ಕಲಿಸಲಾಗದು. ಇನ್ನು ಕೆಲವು ತಿಂಗಳು ಅವರಿಬ್ಬರನ್ನೇ ಒಂದು ಕೋಣೆಯಲ್ಲಿ, ನೀರು ಕಾಯಿಸಿ ಬರುವಷ್ಟು ಹೊತ್ತೂ ಬಿಡಬೇಡಿರಿ. ಪ್ರೀತಿಯಿಂದ ಹೊದಿಸಿದ ಕಂಬಳಿಯೂ ಎರಡು ತಿಂಗಳ ಕೂಸಿನ ಉಸಿರು ಕಟ್ಟಿಸಬಲ್ಲದು.

ಮತ್ತೊಂದು ಔಷಧ ನಿಮ್ಮ ಯಜಮಾನರ ಕೈಯಲ್ಲಿದೆ. ದಿನಕ್ಕೆ ಅರ್ಧ ಗಂಟೆ, ಗೊತ್ತಾದ ಒಂದು ವೇಳೆಯಲ್ಲಿ, ಅವರು ಲಾಳಿಯನ್ನು ಕೆಳಗಿಟ್ಟು ಮಗ್ಗದ ಗುಂಡಿಯಿಂದ ಮೇಲೆದ್ದು ಚಿಕ್ಕವನನ್ನು ಎತ್ತಿಕೊಳ್ಳಲಿ. ಆ ಅರ್ಧ ಗಂಟೆ ನೀವು ಪೂರ್ತಿಯಾಗಿ ಮಗಳವರು. ಅವಳು ಹೇಳಿದ ಆಟ, ಅವಳು ಹೇಳಿದ ಕಥೆ. ಮಧ್ಯೆ ತಮ್ಮನ ಹೆಸರೂ ಬರಬಾರದು. ಅವಳನ್ನು ಅಂಗನವಾಡಿಗೆ ಹೊಸದಾಗಿ ಕಳಿಸುವ ಯೋಚನೆಯಿದ್ದರೆ ಒಂದೆರಡು ತಿಂಗಳು ತಡೆಯಿರಿ. ಮನೆಯಿಂದ ಹೊರಹಾಕುತ್ತಿದ್ದಾರೆಂಬ ಭಾವನೆ ಈಗ ಸುಲಭವಾಗಿ ಹುಟ್ಟುತ್ತದೆ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ: ಆ ಆರು ವಾರ ಅವಳನ್ನು ನಿಭಾಯಿಸಿದವರು ಅವರು, ಅವಳಿಗೆ ಈಗಲೂ ಅವರ ಕೈ ತುತ್ತು ಬೇಕು, ಏಟಲ್ಲ.

ಪ್ರಶ್ನೆ: ನಾನು ಐವರನ್ನು ಹೆತ್ತವಳು, ನಮ್ಮ ಬೀದಿಯ ಎಷ್ಟೋ ಕೂಸುಗಳಿಗೆ ನೀರು ಹಾಕಿದ್ದೇನೆ. ಮಗಳಿಗೆ ಎರಡನೆಯ ಹೆರಿಗೆಯಾಗಿ ಹನ್ನೆರಡು ದಿನ. ಮನೆಗೆ ಬರುವ ಆಶಾ ಹುಡುಗಿ ಕಣ್ಣಿಗೆ ಕಪ್ಪು ಹಚ್ಚಬೇಡಿ, ಬಜೆ ತೇಯ್ದು ಕುಡಿಸಬೇಡಿ, ಮೂಗಿಗೆ ಎಣ್ಣೆ ಬಿಡಬೇಡಿ ಎನ್ನುತ್ತಾಳೆ. ನಾವು ಬೆಳೆಸಿದ ಮಕ್ಕಳೇನು ಸತ್ತುಹೋದವೇ?
— ಒಬ್ಬ ಅಜ್ಜಿ, ಯಳಂದೂರು

ಉತ್ತರ: ಅಜ್ಜಿ, ತಮ್ಮಂಥವರ ನೀಡಿದ ಕಾಲುಗಳ ಮೇಲೆ ಬೋರಲು ಮಲಗಿ ಬಿಸಿನೀರು ಹುಯ್ಯಿಸಿಕೊಂಡೇ ನಾನೂ ದೊಡ್ಡವನಾದೆ, ಆದಕಾರಣ ಈ ಉತ್ತರವನ್ನು ವಿನಯದಿಂದಲೇ ಬರೆಯುತ್ತೇನೆ. ಎಣ್ಣೆ ನೀವುವುದು ಒಳ್ಳೆಯದು. ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ತಾವು ತಿಕ್ಕುವ ಆ ಹದವನ್ನು ಯಾವ ಪುಸ್ತಕವೂ ಕಲಿಸಲಾರದು. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿರಿ. ಬಹಳ ಎಣ್ಣೆ ಮೆತ್ತಿ ಬಹಳ ಹೊತ್ತು ಸೀಗೆಯಿಂದ ಉಜ್ಜುವುದು ಬೇಡ.

ಉಳಿದ ಮೂರರಲ್ಲಿ ಆ ಹುಡುಗಿಯ ಮಾತೇ ಸರಿ. ಕಾರಣ ತಿಳಿಸುವಷ್ಟು ವ್ಯವಧಾನ ಅವಳಿಗೆ ಇದ್ದಿರಲಾರದು. ಹೆರಿಗೆಯಾದ ಮೂರನೆಯ ದಿನದಿಂದ ನಲವತ್ತೆರಡನೆಯ ದಿನದವರೆಗೆ ಆರು ಸಾರಿ ಒಂದೊಂದು ಮನೆಗೂ ಬರಬೇಕಾದವಳು ಅವಳು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಒಂದು ಬಗೆಯ ನ್ಯುಮೋನಿಯಾ ಹುಟ್ಟುತ್ತದೆ, ಆ ಎಣ್ಣೆಯನ್ನು ಹೊರತೆಗೆಯುವ ಔಷಧವಿಲ್ಲ. ಕಣ್ಣಿನ ಕಪ್ಪಿನಿಂದ ಸೋಂಕು ತಗಲುವುದಲ್ಲದೆ, ಅಂಗಡಿಯ ಎಷ್ಟೋ ಕಪ್ಪುಗಳಲ್ಲಿ ಸೀಸವಿರುತ್ತದೆ. ಮಿದುಳು ಬೆಳೆಯುವ ಕಾಲದಲ್ಲಿ ಸೀಸ ವಿಷ. ದೃಷ್ಟಿಗೆಂದು ಬೊಟ್ಟು ಇಡಲೇಬೇಕಾದರೆ ಅಂಗಾಲಿನಲ್ಲಿ ಇಡಿರಿ, ಅದಕ್ಕೆ ನನ್ನ ತಕರಾರಿಲ್ಲ. ಬಜೆಗೆ ವಾಂತಿ ಮಾಡಿಸುವ ಗುಣವಿದೆ. ತೇಯುವ ಕಲ್ಲಿನ ಕೊಳೆ ಬೇರೆ ಕೂಸಿನ ಹೊಟ್ಟೆಗೆ ಸೇರುತ್ತದೆ. ಜೇನನ್ನಂತೂ ವರ್ಷ ತುಂಬುವವರೆಗೆ ನಾಲಿಗೆಗೆ ಸೋಕಿಸಕೂಡದು. ಹೊಕ್ಕುಳಿಗೆ ಏನನ್ನೂ ಹಚ್ಚದೆ ಒಣಗಲು ಬಿಡಿರಿ. ಸಾಂಬ್ರಾಣಿಯ ಹೊಗೆಯನ್ನು ದೇವರಿಗೇ ಮೀಸಲಿಡಿರಿ.

ಸತ್ತುಹೋದವೇ ಎಂದು ಕೇಳಿದ್ದೀರಿ. ಅಜ್ಜಿ, ತಮ್ಮ ಓರಗೆಯವರ ಮನೆಗಳಲ್ಲಿ ಹುಟ್ಟಿದವೆಷ್ಟು, ಉಳಿದವೆಷ್ಟು ಎಂಬ ಲೆಕ್ಕವನ್ನು ನನಗಿಂತ ತಾವೇ ಚೆನ್ನಾಗಿ ಬಲ್ಲಿರಿ. ನೀರು ಹಾಕುವಾಗ ದೊಡ್ಡ ಮೊಮ್ಮಗುವನ್ನು ‘ಅತ್ತ ಹೋಗು’ ಎನ್ನದೆ ಟವಲು ಹಿಡಿದು ನಿಲ್ಲುವ ಅಧಿಕಾರವನ್ನು ಅದಕ್ಕೆ ಕೊಡಿರಿ.

ಪ್ರಶ್ನೆ: ಮೂರು ವಾರದ ಕೂಸು ಗಂಟೆಗೊಮ್ಮೆ ಅಳುತ್ತದೆ. ಹಾಲು ಸಾಲದೆಂದು ಡಬ್ಬಿಯ ಪುಡಿ ತರಲು ಹೇಳುತ್ತಿದ್ದಾರೆ. ಬಾಣಂತಿಯೆಂದು ನನಗೆ ನೀರನ್ನೂ ಅಳೆದು ಕೊಡುತ್ತಾರೆ.
— ಗೃಹಿಣಿ, ಮಾಂಬಳ್ಳಿ

ಉತ್ತರ: ಅಳುವನ್ನು ಎಣಿಸಬೇಡಿರಿ, ಒದ್ದೆ ಬಟ್ಟೆಗಳನ್ನು ಎಣಿಸಿರಿ. ದಿನಕ್ಕೆ ಆರಕ್ಕೆ ಕಡಮೆಯಿಲ್ಲದೆ ಮೂತ್ರ ಮಾಡುತ್ತಿದ್ದರೆ, ಹುಟ್ಟಿದಾಗಿನ ತೂಕವನ್ನು ಎರಡು ವಾರದೊಳಗೆ ಮರಳಿ ಪಡೆದು ಈಗ ಏರುತ್ತಿದ್ದರೆ, ಹಾಲು ಸಾಕು. ತಾಯಿ ಕಾರ್ಡಿನಲ್ಲಿ ತೂಕ ಬರೆಸಿ ನೋಡಿರಿ. ಕೂಸು ಹೀರಿದಷ್ಟೂ ಹಾಲು ಊರುತ್ತದೆ. ಪುಡಿಯ ಹಾಲು ಕುಡಿದ ಕೂಸು ಕಡಮೆ ಹೀರುತ್ತದೆ, ಅದರಿಂದ ನಿಮ್ಮ ಹಾಲು ನಿಜವಾಗಿಯೂ ಕಡಮೆಯಾಗುತ್ತದೆ. ಆರು ತಿಂಗಳವರೆಗೆ ಎದೆಹಾಲಲ್ಲದೆ ನೀರೂ ಬೇಡ, ಅದಕ್ಕೆ. ನಿಮಗೆ ಮಾತ್ರ ನೀರು ಬೇಕು: ಬಾಯಾರಿದಾಗಲೆಲ್ಲ, ಅಳತೆಯಿಲ್ಲದೆ. ಬಾಣಂತಿಗೆ ನೀರು ಬಿಗಿಹಿಡಿಯುವ ಪದ್ಧತಿ ಎಲ್ಲಿಂದ ಬಂದಿತೋ ತಿಳಿಯದು. ಹೆತ್ತವಳಾರೂ ಅದನ್ನು ಮಾಡಿರಲಾರಳು.

ಪ್ರಶ್ನೆ: ನಾನು ರೇಷ್ಮೆ ಸಾಕುವವನು. ದೊಡ್ಡ ಮಗನಿಗೆ ನಾಲ್ಕು ವರ್ಷ, ಅಂಗನವಾಡಿಗೆ ಹೋಗುತ್ತಾನೆ. ವಾರಕ್ಕೊಮ್ಮೆ ನೆಗಡಿ ತರುತ್ತಾನೆ. ಏಳು ವಾರದ ಕೂಸಿಗೆ ಅಂಟದಂತೆ ಅವನನ್ನು ಅಜ್ಜಿಯ ಊರಿಗೆ ಕಳಿಸಲೇ? ಕೂಸಿನ ಮುಡಿಯನ್ನು ಬರುವ ಜಾತ್ರೆಗೆ ಮಾದಪ್ಪನ ಬೆಟ್ಟದಲ್ಲಿ ಕೊಡುವ ಹರಕೆ ಇದೆ, ಹೋಗಬಹುದೇ? ಮನೆಯವಳು ಈಚೆಗೆ ಸುಮ್ಮಸುಮ್ಮನೆ ಅಳುತ್ತಾಳೆ.
— ಓದುಗ, ಹನೂರು ತಾಲ್ಲೂಕು

ಉತ್ತರ: ಕಡೆಯ ಸಾಲಿನಲ್ಲಿ ಬರೆದುದೇ ನನಗೆ ಮೊದಲು ಮುಖ್ಯ. ಹೆರಿಗೆಯಾದ ಹೊಸತರಲ್ಲಿ ಕಾರಣವಿಲ್ಲದೆ ಕಣ್ಣು ತುಂಬುವುದು ಸಾಮಾನ್ಯ. ಅದು ಎರಡು ವಾರದೊಳಗೆ ತಾನಾಗಿ ತಿಳಿಯಾಗಬೇಕು. ಏಳನೆಯ ವಾರದಲ್ಲಿಯೂ ಅಳು ನಿಂತಿಲ್ಲವೆಂದರೆ, ಕೂಸು ಮಲಗಿದಾಗಲೂ ಅವರಿಗೆ ನಿದ್ರೆ ಬಾರದಿದ್ದರೆ, ಊಟ ಸೇರದಿದ್ದರೆ, ನಾನಿದ್ದು ಏನು ಎಂಬಂಥ ಮಾತು ಬಂದರೆ, ಅದನ್ನು ಗಾಳಿ ಸೋಕಿದ್ದೆಂದೋ ಸೋಮಾರಿತನವೆಂದೋ ತಿಳಿಯದೆ ಈ ವಾರವೇ ವೈದ್ಯರಲ್ಲಿ ಕರೆದೊಯ್ಯಿರಿ. ೧೪೪೧೬ ಎಂಬ ಟೆಲಿ ಮಾನಸ್ ಸಂಖ್ಯೆಗೆ ಕರೆಮಾಡಿದರೂ ಸಲಹೆ ಸಿಗುತ್ತದೆ. ತನಗೋ ಕೂಸಿಗೋ ಏನಾದರೂ ಮಾಡಿಕೊಳ್ಳುವ ಮಾತೆತ್ತಿದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಹೊರಡಿರಿ. ಮೊಲೆಯುಣಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳಿವೆ.

ನೆಗಡಿಗೆ ಹೆದರಿ ದೊಡ್ಡವನನ್ನು ಊರು ಬಿಡಿಸಬೇಡಿರಿ. ಏಕೆಂಬುದನ್ನು ಕೊಳ್ಳೇಗಾಲದ ತಾಯಿಗೆ ಬರೆದ ಉತ್ತರದಲ್ಲಿ ಓದಿಕೊಳ್ಳಿ. ಹುಳುಮನೆಗೆ ಕಾಲಿಡುವ ಮುನ್ನ ಚಪ್ಪಲಿ ಬಿಟ್ಟು, ಸುಣ್ಣ ಬ್ಲೀಚಿಂಗ್ ಪುಡಿ ಹಾಕಿದ ನೆಲ ದಾಟಿ, ಕೈ ತೊಳೆದು, ಹೊರಗಿನವರನ್ನು ಬಾಗಿಲಲ್ಲೇ ತಡೆಯುವ ನೀವು, ಸಂತೆಯಿಂದ ಬಂದ ಕೈಯಲ್ಲೇ ಕೂಸನ್ನು ಎತ್ತಿಕೊಳ್ಳುವುದಿಲ್ಲವೆಂದು ಎದೆಮುಟ್ಟಿ ಹೇಳಬಲ್ಲಿರಾ? ಎಳೆಯ ಚಾಕಿ ಹುಳುವಿಗೆ ತೋರಿಸುವ ಮಡಿಯಲ್ಲಿ ಅರ್ಧವನ್ನು ತೊಟ್ಟಿಲಿಗೂ ತೋರಿಸಿದರೆ ಸಾಕು. ಅಂಗನವಾಡಿಯಿಂದ ಬಂದವನು ಸೋಪು ಹಾಕಿ ಕೈತೊಳೆಯಲಿ, ನೆಗಡಿಯಿದ್ದ ದಿನ ಮುಖಕ್ಕೆ ಮುತ್ತಿಡದೆ ಕೂಸಿನ ಪಾದಕ್ಕೆ ಇಡಲಿ. ಅವನ ಲಸಿಕೆಗಳು ಪೂರ್ಣವಾಗಿವೆಯೇ ನೋಡಿರಿ. ಆರು, ಹತ್ತು, ಹದಿನಾಲ್ಕನೆಯ ವಾರದ ಚುಚ್ಚುಮದ್ದು ಮುಗಿಯುವವರೆಗೆ ನಾಯಿಕೆಮ್ಮಿನಂಥವುಗಳಿಂದ ಕೂಸಿಗೆ ಅಣ್ಣನ ಲಸಿಕೆಯೂ ಒಂದು ಗೋಡೆ. ಇಷ್ಟಾದರೂ ಕೂಸಿನ ಮೈ ೧೦೦.೪ ಡಿಗ್ರಿ ಮುಟ್ಟಿದರೆ, ಉಸಿರು ನಿಮಿಷಕ್ಕೆ ಅರವತ್ತನ್ನು ತಲುಪಿದರೆ, ಎದೆಗೂಡು ಒಳಕ್ಕೆ ಸೆಳೆದುಕೊಂಡರೆ, ಹಾಲು ಕುಡಿಯುವುದನ್ನು ಬಿಟ್ಟರೆ, ಬೆಳಗಾಗಲೆಂದು ಕಾಯದೆ ೧೦೮ಕ್ಕೆ ಕರೆಮಾಡಿರಿ.

ಹರಕೆಯನ್ನು ತೀರಿಸಿರಿ, ಈ ಜಾತ್ರೆಗೆ ಬೇಡ. ಶಿವರಾತ್ರಿಗೋ ದೀಪಾವಳಿಗೋ ಬೆಟ್ಟದಲ್ಲಿ ನೆರೆಯುವ ಜನಸಂದಣಿಯ ನಡುವೆ ಎರಡು ತಿಂಗಳ ಕೂಸನ್ನು ಒಯ್ಯುವುದು ನನಗೆ ಸಮ್ಮತವಿಲ್ಲ, ಮಾದಪ್ಪ ಕಾಯಬಲ್ಲ. ಒಂಬತ್ತನೆಯ ತಿಂಗಳ ದಡಾರ ಲಸಿಕೆ ಹಾಕಿಸಿದ ಮೇಲೆ, ಜಾತ್ರೆಯಿಲ್ಲದ ವಾರದ ದಿನವೊಂದನ್ನು ನೋಡಿ ಹೊರಡಿರಿ. ಮುಡಿ ತೆಗೆಯುವವರಿಗೆ ನಿಮ್ಮ ಕೈಯಿಂದಲೇ ಹೊಸ ಬ್ಲೇಡು ಕೊಡಿರಿ. ಕೌದಳ್ಳಿ ದಾಟಿ ತಾಳಬೆಟ್ಟದಿಂದ ಮೇಲಕ್ಕೆ ತಿರುವುಗಳು ಹೆಚ್ಚು. ನಾಲ್ಕು ವರ್ಷದವನಿಗೆ ವಾಂತಿಯಾಗುವುದುಂಟು. ಹೊರಡುವಾಗ ಹೊಟ್ಟೆ ಬಿರಿಯೆ ಉಣ್ಣಿಸದೆ, ಬಸ್ಸಿನ ಮುಂಭಾಗದಲ್ಲಿ ಕಿಟಕಿಯ ಪಕ್ಕ, ನಿಮ್ಮ ತೊಡೆಯ ಮೇಲೆ ಕೂರಿಸಿಕೊಳ್ಳಿರಿ. ಕೂಸು ಹೇಗೂ ಅದರ ಅವ್ವನ ಬಳಿ ಇರುತ್ತದೆ.