ವಾಂತಿಭೇದಿಯೂ ಲೆಕ್ಕಕ್ಕೆ ಬರಬೇಕು

ನಮ್ಮದು ಆನೇಕಲ್ ತಾಲೂಕು. ಮಳೆ ನಂಬಿದ ರಾಗಿ, ಅವರೆ. ಎಲೆಕ್ಟ್ರಾನಿಕ್ ಸಿಟಿ ಬೆಳೆದ ಮೇಲೆ ಹೊಲದ ಬದುವಿಗೇ ಕೂಲಿಯವರ ಶೆಡ್ಡುಗಳು ಬಂದವು. ಅವರ ಸಂಪಿಗೆ ನನ್ನ ಬೋರ್‌ವೆಲ್ ನೀರನ್ನೇ ಮಾರುತ್ತಿದ್ದೆ.

ಒಂದು ಬೇಸಿಗೆ ಅಲ್ಲಿ ಮಗುವೊಂದಕ್ಕೆ ನೀರಿನಂಥ ಭೇದಿ ಹಿಡೀತು. ಒಂದು ಕ್ಲಿನಿಕ್‌ನಲ್ಲಿ ಇಂಜೆಕ್ಷನ್ ಚುಚ್ಚಿ ಕಳಿಸಿದರು. ಮರುದಿನ ಪಕ್ಕದ ಮನೆಯವರಿಗೆ, ಮೂರನೇ ದಿನ ಅಲ್ಲೇ ಆಡುತ್ತಿದ್ದ ನನ್ನ ಮೊಮ್ಮಗನಿಗೆ. ಒಬ್ಬೊಬ್ಬರು ಒಂದೊಂದು ಕಡೆ ತೋರಿಸಿಕೊಂಡರು. ಆರು ಜನ ಮಲಗಿದ್ದರೂ ಯಾವ ಪುಸ್ತಕದಲ್ಲೂ ಒಂದು ಗೀಟಿಲ್ಲ. ನಾನೂ ಬಾಯಿ ಬಿಡಲಿಲ್ಲ, ನೀರು ನನ್ನದಲ್ಲವೇ! ಕೊನೆಗೆ ಆಶಾ ಕಾರ್ಯಕರ್ತೆಗೆ ಹೇಳಿದವಳು ನಮ್ಮ ಮನೆಯಾಕೆ. ಆಸ್ಪತ್ರೆಯವರು ಬಂದು ನೀರು ಪರೀಕ್ಷೆಗೆ ಒಯ್ದರು. ಬೋರ್‌ವೆಲ್ ನೀರು ಚೆನ್ನಾಗಿತ್ತು. ಕೆಟ್ಟದ್ದು ಕಕ್ಕಸು ಗುಂಡಿಗೆ ಅಂಟಿಕೊಂಡಿದ್ದ ಸಂಪು. ಮೊದಲ ದಿನವೇ ಹೇಳಿದ್ದರೆ ಐದು ಜನ ಉಳೀತಿದ್ದರು.

ರೋಗದ ಮೇಲೆ ಕಣ್ಣಿಡುವ ಸರ್ಕಾರದ ಯೋಜನೆ 2004ರಿಂದ ಇದೆ. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯದು ಎಸ್ ಫಾರಂ, ವೈದ್ಯರದು ಪಿ, ಪ್ರಯೋಗಶಾಲೆಯದು ಎಲ್. ಮೊದಲು ವಾರಕ್ಕೊಮ್ಮೆ ಕಾಗದದಲ್ಲಿ ಹೋಗುತ್ತಿತ್ತು, ಈಗ ಕಂಪ್ಯೂಟರಿನಲ್ಲಿ. ಆದರೆ ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ನುಂಗಿ ಮಲಗಿದವನು ಯಾವ ಫಾರಂಗೂ ಸಿಕ್ಕುವುದಿಲ್ಲ.

2024ರ ಏಪ್ರಿಲ್‌ನಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನ ಹಾಸ್ಟೆಲಿನ 47 ವಿದ್ಯಾರ್ಥಿನಿಯರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಒಂದೇ ಸೂರು, ಒಂದೇ ಅಡುಗೆಮನೆ. ಕೂಡಲೇ ಲೆಕ್ಕ ಸಿಕ್ಕಿತು, ಪರೀಕ್ಷೆಯೂ ನಡೆಯಿತು. ಶೆಡ್ಡಿನ ಜನ ಹತ್ತು ಕಡೆ ಚೆದುರುತ್ತಾರೆ. ಅವರನ್ನು ಎಣಿಸುವವರು ನಾವೇ ಆಗಬೇಕು.

ಒಂದೇ ಸಾಲಿನ ಎರಡು ಮೂರು ಮನೆಗಳಲ್ಲಿ ಭೇದಿ ಕಂಡರೆ ಅವತ್ತೇ ಆಶಾಗೆ ತಿಳಿಸಿ. ಕಾಲರಾ ಹೌದೋ ಅಲ್ಲವೋ ಎಂಬುದು ಮಲ ಪರೀಕ್ಷೆಯಿಂದಲೇ ಗೊತ್ತಾಗಬೇಕು. ಮಾದರಿಯನ್ನು ಆಂಟಿಬಯೋಟಿಕ್ ಕೊಡುವ ಮೊದಲೇ ತೆಗೆದರೆ ಒಳ್ಳೇದು. ಕಾಲರಾ ಒಬ್ಬರಿಗೆ ಖಚಿತವಾದರೂ ಇಲಾಖೆ ಓಡಿ ಬರಲೇಬೇಕು.

ಅಲ್ಲೀವರೆಗೆ ಓ.ಆರ್.ಎಸ್. ಕುಡಿಸುತ್ತಿರಿ. ಪೊಟ್ಟಣ ಇಲ್ಲದಿದ್ದರೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಎದೆಹಾಲು ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದು ಉಚ್ಚೆ ನಿಂತರೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಸಂಪಿನ 1000 ಲೀಟರಿಗೆ ಒಳ್ಳೆ ಬ್ಲೀಚಿಂಗ್ ಪುಡಿ ಸುಮಾರು 2.5 ಗ್ರಾಂ ಸಾಕು. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರು ಸುರಿದು, ಒಂದು ಗಂಟೆ ಬಿಟ್ಟು ಬಳಸಿ. ಬಾಯಿ ತೆರೆದಿಟ್ಟ ಹಳೇ ಪುಡಿಗೆ ಶಕ್ತಿ ಇರುವುದಿಲ್ಲ.