ಹಳ್ಳಿಗೆ ಗೃಹಸಾಲ ಬರಬೇಕಾದರೆ ಏನೇನು ಬೇಕು?

ದೊಡ್ಡಬಳ್ಳಾಪುರ ತಾಲ್ಲೂಕಿನ ಹೋಬಳಿ ಕೇಂದ್ರ ದೊಡ್ಡಬೆಳವಂಗಲ. ಇಲ್ಲಿನ ರೈತರೊಬ್ಬರು ಹಳೇ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಬೇಕು ಅಂದುಕೊಂಡರು ಅಂತಿಟ್ಟುಕೊಳ್ಳೋಣ. ಜಾಗ ಇದೆ, ರಾಗಿ-ಹಾಲಿನ ಆದಾಯವೂ ಇದೆ. ಆದರೂ ಗೃಹಸಾಲ ಸುಲಭಕ್ಕೆ ಸಿಗಲ್ಲ. ಯಾಕೆ ಅಂತ ಕೇಳಿದರೆ, ಅಭಿವೃದ್ಧಿಶೀಲ ದೇಶಗಳಲ್ಲಿ ಗೃಹಸಾಲ ಸಂಸ್ಥೆಗಳು ಬೆಳೆಯೋದಕ್ಕೆ ಏನೇನು ಬೇಕು ಅನ್ನೋದು ನಮಗೆ ಅರ್ಥವಾಗುತ್ತದೆ.

1. ದೀರ್ಘಾವಧಿ ಹಣ: ಜನ ಠೇವಣಿ ಇಡೋದು ಎರಡು-ಮೂರು ವರ್ಷಕ್ಕೆ, ಮನೆ ಸಾಲ ಇಪ್ಪತ್ತು ವರ್ಷಕ್ಕೆ. ಈ ಅಂತರ ತುಂಬಲು ಬೇರೆ ಮೂಲ ಬೇಕು. 1977ರಲ್ಲಿ ಎಚ್‌ಡಿಎಫ್‌ಸಿ, 1987ರಲ್ಲಿ ಬೆಂಗಳೂರಿನಲ್ಲಿ ಕೆನರಾ ಬ್ಯಾಂಕ್ ಪ್ರಾಯೋಜಿತ ಕ್ಯಾನ್ ಫಿನ್ ಹೋಮ್ಸ್ ಶುರುವಾದವು. ಇಂಥ ಸಂಸ್ಥೆಗಳಿಗೆ ಮರುಹಣಕಾಸು ಒದಗಿಸಲು 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕ್ ಬಂತು.

2. ಬಡ್ಡಿ ದರ: 10 ಲಕ್ಷ ಸಾಲವನ್ನು 20 ವರ್ಷದಲ್ಲಿ ತೀರಿಸಬೇಕು ಅಂದರೆ ಶೇ. 9ರ ದರದಲ್ಲಿ ತಿಂಗಳ ಕಂತು ಸುಮಾರು 9,000 ರೂಪಾಯಿ, ಶೇ. 12ರಲ್ಲಿ ಸುಮಾರು 11,000. ಹಣದುಬ್ಬರ ಏರಿದರೆ ಬಡ್ಡಿಯೂ ಏರುತ್ತದೆ. ಆಗ ಸಾಲ ಕೇಳುವವರೇ ಕಡಿಮೆಯಾಗುತ್ತಾರೆ.

3. ದಾಖಲೆ: ಗ್ರಾಮಠಾಣದ ಎಷ್ಟೋ ಮನೆಗಳು ಇನ್ನೂ ಅಜ್ಜನ ಹೆಸರಲ್ಲೇ ಇರುತ್ತವೆ, ವಿಭಾಗಪತ್ರ ಆಗಿರೋದಿಲ್ಲ. ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11, ಡ್ರೋನ್ ಬಳಸಿ ಹಳ್ಳಿ ಮನೆಗಳ ಜಾಗ ಅಳೆಯುವ 2020ರ ಸ್ವಾಮಿತ್ವ ಯೋಜನೆ ಈ ಕೊರತೆ ನೀಗಿಸೋಕೆ ಬಂದವು.

4. ಕಾನೂನು: ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆಯೇ ಅಡಮಾನ ಆಸ್ತಿ ವಶಕ್ಕೆ ಪಡೆಯಲು 2002ರ ಸರ್ಫೇಸಿ ಕಾಯ್ದೆ ದಾರಿ ಮಾಡಿತು. ಆದರೆ ಕೃಷಿ ಜಮೀನಿಗೆ ಅದು ಅನ್ವಯಿಸಲ್ಲ. ಅದಕ್ಕೇ ಹೊಲದಲ್ಲಿ ಮನೆ ಕಟ್ಟೋರನ್ನು ಮೊದಲು ಭೂ ಪರಿವರ್ತನೆ ಆಗಿದೆಯಾ ಅಂತ ಕೇಳ್ತಾರೆ.

5. ಆದಾಯದ ಪುರಾವೆ: ದೊಡ್ಡಬಳ್ಳಾಪುರದ ಮಗ್ಗದ ನೇಕಾರರಿಗಾಗಲಿ, ಹಾಲು ಹಾಕುವ ಹೆಣ್ಣುಮಕ್ಕಳಿಗಾಗಲಿ ಸಂಬಳದ ಚೀಟಿ ಇರಲ್ಲ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ 1984ರಿಂದಲೇ ಸಂಬಳದ ಚೀಟಿ ಕೇಳದೆ, ಗುಂಪಿನ ಸದಸ್ಯರ ಮರುಪಾವತಿ ನಂಬಿ ಬಡವರಿಗೆ ಮನೆ ಸಾಲ ಕೊಟ್ಟಿತು. ನಮ್ಮಲ್ಲೂ ಡೈರಿ ಬಟವಾಡೆ ಬ್ಯಾಂಕ್ ಖಾತೆಗೇ ಬಂದರೆ ಅದೇ ಪುರಾವೆಯಾಗಬಲ್ಲದು.

ಇವುಗಳಲ್ಲಿ ಹಳ್ಳಿ ಮಟ್ಟಿಗೆ ಮೂರನೆಯದೇ ಮುಖ್ಯ ಅನ್ನೋದು ನಮ್ಮ ಅಭಿಪ್ರಾಯ. ಬಡ್ಡಿ ಎಷ್ಟೇ ಇಳಿದರೂ ದಾಖಲೆ ಇಲ್ಲದವರಿಗೆ ಅದರಿಂದ ಲಾಭವಿಲ್ಲ. ಅವರು ಕೈಸಾಲಕ್ಕೇ ಹೋಗಬೇಕು, ಇಲ್ಲವೇ ಮನೆ ಲಿಂಟಲ್ ಮಟ್ಟಕ್ಕೇ ನಿಲ್ಲಬೇಕು. ಸರ್ವೆ, ನಕ್ಷೆ, ಎಸ್ಟಿಮೇಟ್ ಕಲಿಯುತ್ತಿರುವ ನಾವು ರಜೆಗೆ ಊರಿಗೆ ಹೋದಾಗ ಮನೆಯ ಖಾತೆ ಯಾರ ಹೆಸರಲ್ಲಿದೆ ಅಂತ ಒಮ್ಮೆ ನೋಡೋಣ.